ಬೇಸಿಗೆ ರಜೆಯಲ್ಲಿ ಅಕ್ಕೋರು ಹೋಗುತ್ತಿದ್ದ ದಾರಿ

ಅಕ್ಕೋರ ಫೋಟೋಕ್ಕೆ ಹಾರ ಹಾಕಿ, ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚು ಜೋಡಿಸಿಕೊಂಡು ನಾವೆಲ್ಲ ಕೂತಿದ್ದೆವು. ಮಾತಾಡಲು ಎದ್ದವರು ಅವರ ಪಾಠ, ಶಿಸ್ತು, ಗಂಜಿ ಹಾಕಿದ ಸೀರೆಗಳ ಬಗ್ಗೆ ಹೇಳುತ್ತ ಹೇಳುತ್ತ ಕೊನೆಗೆ ಎಲ್ಲರೂ ಅವರ ತಿರುಗಾಟಕ್ಕೇ ಬಂದು ನಿಲ್ಲುತ್ತಿದ್ದರು. ವಯಸ್ಸಾದ ಒಬ್ಬ ವಿಧವೆ ಸುಡುಬೇಸಿಗೆಯಲ್ಲಿ ಸ್ಕೂಟಿ ಹತ್ತಿ, ಒಬ್ಬಳೇ ಯಲಬುರ್ಗಾ, ಕುಷ್ಟಗಿ, ತಾವರಗೇರಾ, ಕನಕಗಿರಿ ಅಂತ ಊರೂರು ಸುತ್ತಿ ಗಂಗಾವತಿಯ ಮೇಲಿಂದ ಕೊಪ್ಪಳಕ್ಕೆ ಮರಳುವುದೆಂದರೆ ಸಾಮಾನ್ಯವೇ? ನಮ್ಮ ಆಟದ ಮೇಷ್ಟ್ರು, ಬದುಕನ್ನು ಹೀಗೆ ಅನುಭವಿಸಿ ಹೋಗಬೇಕು ಎಂದರು. ಅದು ಚಪ್ಪಾಳೆಯ ಸಭೆಯಲ್ಲ ಎಂಬುದನ್ನು ಮರೆತು ಯಾರೋ ಚಪ್ಪಾಳೆ ಹೊಡೆದು ನಿಲ್ಲಿಸಿದರು.

ನನ್ನ ಸರದಿ ಬಂದಾಗ ನಾನು ಎರಡು ಮಾತಾಡಿ ಕೂತುಬಿಟ್ಟೆ. ಆ ತಿರುಗಾಟ ಯಾತಕ್ಕೆಂದು ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ, ಹಿಂದಿನ ಬೆಂಚಿನಲ್ಲಿ ನೆಲ ನೋಡುತ್ತ ಕೂತಿದ್ದ ಅವರ ಮಗ.

ಈಗ ಇದನ್ನು ಬರೆಯುತ್ತಿರುವುದು ಅವನೇ ಬರೆಯಿರಿ ಎಂದದ್ದಕ್ಕೆ. ಹೆಸರು ಮಾತ್ರ ಬೇಡ ಎಂದ. ಅವನದಲ್ಲ, ಅವ್ವನದು.

ಕೊಪ್ಪಳ ಜಿಲ್ಲೆಯಾದ ವರ್ಷ ನಾನು ಆ ಶಾಲೆಗೆ ಟೀಚರಾಗಿ ಬಂದೆ. ಊರ ತುಂಬ ಹೊಸ ಕಚೇರಿಗಳಿಗೆ ಮನೆ ಹುಡುಕುವವರ ಓಡಾಟ, ಬಾಡಿಗೆ ಮನೆ ಸಿಗುವುದೇ ಕಷ್ಟ. ಅಕ್ಕೋರು ತಮ್ಮ ಮನೆಯ ಎದುರಿನ ಎರಡು ಕೋಣೆಗಳನ್ನು ಮಾಲಕರ ಜೊತೆ ಜಗಳಾಡಿ ನನಗೆ ಕೊಡಿಸಿದರು. ಮಾಲಕರು ಒಂಟಿ ಹೆಣ್ಣುಮಗಳಿಗೆ ಮನೆ ಕೊಡುವುದಿಲ್ಲ ಎಂದಿದ್ದರಂತೆ. ‘ನಾನೂ ಒಂಟಿನ ಅದೀನಿ, ನಾಳಿ ನನ್ನೂ ಓಣಿ ಬಿಡಿಸ್ತೀರೇನು?’ ಎಂದು ಕೇಳಿದ್ದಕ್ಕೆ ಅವರು ಸುಮ್ಮನೆ ಬೀಗದ ಕೈ ಕೊಟ್ಟರು. ಮಗ ಸಣ್ಣವನಿದ್ದಾಗಲೇ ಅಕ್ಕೋರ ಗಂಡ ತೀರಿಹೋಗಿದ್ದರು. ಆ ನೌಕರಿಯಲ್ಲಿ ಮಗನನ್ನು ಬೆಳೆಸಿದರು, ಮನೆ ಕಟ್ಟಿಸಿದರು, ಯಾರ ಮುಂದೆಯೂ ಕೈ ಚಾಚಲಿಲ್ಲ. ಅದರ ಬಿಂಕ ಅವರ ನಡಿಗೆಯಲ್ಲೇ ಇತ್ತು. ಮೊದಮೊದಲು ನನಗೆ ಅದು ಸೇರುತ್ತಿರಲಿಲ್ಲ ಎಂದೂ ಹೇಳಬೇಕು.

ತರಗತಿಯಲ್ಲಿ ಅವರು ಬೆತ್ತ ಮುಟ್ಟಿದ್ದನ್ನು ನಾನು ಕಂಡಿಲ್ಲ. ಸುಳ್ಳು ಹೇಳಿದ ಹುಡುಗನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು, ಬೆರಳಿಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಕರ್ಚೀಫಿನಲ್ಲಿ ನಿಧಾನಕ್ಕೆ ಒರೆಸಿಕೊಳ್ಳುತ್ತಿದ್ದರು. ಒಂದೊಂದೇ ಬೆರಳು. ಆಮೇಲೆ, ‘ಮಾರಿ ಮ್ಯಾಲೆತ್ತಿ ಹೇಳು’ ಎನ್ನುತ್ತಿದ್ದರು. ಅಷ್ಟೇ. ಕಿರಿಬೆರಳು ಒರೆಸುವ ಹೊತ್ತಿಗೆ ಹುಡುಗ ಅಳುತ್ತ ನಿಜ ಹೇಳಿರುತ್ತಿದ್ದ.

ಅವರು ಸ್ಕೂಟಿ ಕಲಿತದ್ದು ಓಣಿಗೇ ಒಂದು ಹಬ್ಬ. ರವಿವಾರ ಮುಂಜಾನೆ ಶಾಲೆಯ ಮೈದಾನದಲ್ಲಿ ಸೀರೆಯ ನೆರಿಗೆಗೆ ಪಿನ್ನು ಚುಚ್ಚಿಕೊಂಡು, ಸಾಕ್ಸು ಹಾಕಿಕೊಂಡು ಹತ್ತುತ್ತಿದ್ದರು. ನಾನು ಹಿಂದೆ ಹಿಡಿದುಕೊಂಡು ಓಡಬೇಕು. ಒಂದು ಸಲ ಧ್ವಜದ ಕಟ್ಟೆಗೆ ಗುದ್ದಿ ಬಿದ್ದವರು, ಎದ್ದು ಮೊದಲು ಮಾಡಿದ ಕೆಲಸ ಸುತ್ತ ನೋಡಿದ್ದು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮೊಣಕಾಲು ನೋಡಿಕೊಂಡರು. ಕಲಿತ ಮೇಲೂ ಅವರ ಗಾಡಿ ಶಾಲೆ ಮತ್ತು ಸಂತೆ ಬಿಟ್ಟು ಮೂರನೆಯ ಕಡೆ ಹೋಗುತ್ತಿರಲಿಲ್ಲ.

ಮಗ ಡಿಪ್ಲೊಮಾ ಮುಗಿಸಿ ಗಂಗಾವತಿಯ ಗುತ್ತಿಗೆದಾರರೊಬ್ಬರ ಹತ್ತಿರ ಸೇರಿದ. ರಸ್ತೆ ಕೆಲಸದ ಮೇಲುಸ್ತುವಾರಿ. ಓಡಾಡಲು ಅವರು ಒಂದು ಜೀಪು ಕೊಟ್ಟಿದ್ದರು. ಮಗ ಜೀಪಿನಲ್ಲಿ ಬಂದು ಇಳಿದರೆ ಅಕ್ಕೋರು ಬಾಗಿಲಲ್ಲಿ ನಿಂತು, ಅವನನ್ನು ನೋಡದೆ, ನೋಡುತ್ತಿರುವ ಓಣಿಯನ್ನು ನೋಡುತ್ತಿದ್ದರು.

ಒಂದು ದಿನ ಮುಂಜಾನೆ ನಾನು ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದಾಗ ಅಕ್ಕೋರು ಮನೆಯ ಮುಂದೆ ಜೀಪು ತೊಳೆಯುತ್ತಿದ್ದರು. ಸೀರೆ ಎತ್ತಿ ಕಟ್ಟಿದ್ದರು. ಬಕೆಟ್ಟಿನ ನೀರಿನಲ್ಲಿ ತೆಂಗಿನ ನಾರು ಅದ್ದಿ ಮುಂಭಾಗವನ್ನಷ್ಟೇ ತಿಕ್ಕುತ್ತಿದ್ದರು. ಇದೇನು ನೀವ್ಯಾಕೆ ತೊಳೆಯುತ್ತಿದ್ದೀರಿ ಎಂದು ನಾನು ನಗುತ್ತ ಕೇಳಿದೆ. ಧೂಳಾಗಿತ್ತು ಎಂದರು. ನನ್ನ ಕಡೆ ತಿರುಗಲಿಲ್ಲ. ಮಗನ ಮೇಲೆ ಎಂಥ ಮೋಹ ಇವರದು ಎಂದುಕೊಂಡು ನಾನು ಒಳಗೆ ಹೋದೆ.

ಅದೇ ಬೇಸಿಗೆಯಲ್ಲಿ ಅವರು ಮೊದಲ ಸಲ ತಿರುಗಾಟಕ್ಕೆ ಹೊರಟದ್ದು. ಎಲ್ಲಿಗೆ ಎಂದು ಕೇಳಿದವರಿಗೆ ಇಟಗಿಯ ಗುಡಿ ನೋಡಿಕೊಂಡು ಹಾಗೇ ಮುಂದೆ ಅಡ್ಡಾಡಿಕೊಂಡು ಬರುವುದಾಗಿ ಹೇಳಿದರು. ಬಂದಾಗ ಮುಖ, ಕೈ ಸುಟ್ಟ ರೊಟ್ಟಿಯಂತಾಗಿದ್ದವು. ಮರುವರ್ಷ ಮತ್ತೆ ಹೋದರು. ಅದರ ಮರುವರ್ಷವೂ. ಶಾಲೆಯಲ್ಲಿ ಅವರಿಗೆ ‘ಗಾಡಿ ಅಕ್ಕೋರು’ ಎಂದು ಹೆಸರು ಬಿತ್ತು. ನಾನೂ ಬರುತ್ತೇನೆ ಎಂದು ಒಮ್ಮೆ ಗಂಟುಬಿದ್ದೆ. ‘ನನ್ನ ಗಾಡಿ ಒಬ್ಬರಿಗಷ್ಟ ಎಳಿತೈತಿ’ ಎಂದುಬಿಟ್ಟರು. ಆದರೆ ಬಂದ ಮೇಲೆ ದಾರಿಯ ಸುದ್ದಿ ಹೇಳುತ್ತಿದ್ದರು. ಯಾವ ಊರಿನ ಮಂಡಕ್ಕಿ ಒಗ್ಗರಣಿ ಮಿರ್ಚಿ ಛಲೋ, ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳು ಹೋಗುವಂಥ ಪಾಯಖಾನೆ ಇದೆ, ಯಾವ ದಾರಿಯಲ್ಲಿ ಜಲ್ಲಿ ಸುರಿದು ಮೂರು ವರ್ಷದಿಂದ ಹಾಗೇ ಬಿಟ್ಟಿದ್ದಾರೆ. ತಾವರಗೇರಾದ ಒಗ್ಗರಣಿಗೆ ಅವರ ಮೊದಲ ಮಾರ್ಕು. ಕುಷ್ಟಗಿಯವರು ಹುಣಸೆಹುಳಿಗೆ ಕೈ ಬಿಗಿ ಹಿಡಿಯುತ್ತಾರೆ ಎಂದು ದೂರು.

ಅದೇ ವರ್ಷಗಳಲ್ಲಿ ಮಗ ಮನೆಗೆ ಬರುವುದು ಕಡಿಮೆಯಾಗುತ್ತ ಬಂತು. ಗಂಗಾವತಿಯಲ್ಲೇ ಮದುವೆ, ಮನೆ, ಸ್ವಂತ ಗುತ್ತಿಗೆ ಆಯಿತು. ಹಬ್ಬಕ್ಕೆ ಬಂದರೆ ಊಟದ ನಡುವೆ ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಅಕ್ಕೋರು ಎಡೆಯ ಮುಂದೆ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಕೂತೇ ಇದ್ದರು. ಅತ್ತೆ ಸೊಸೆಗೆ ಸರಿಬಂದಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ನಾನೂ ಹಾಗೇ ತಿಳಿದಿದ್ದೆ.

ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಗೆ ಹೋಗಿ ಆಪರೇಶನ್ ಆಯಿತು, ಕೂದಲು ಹೋಯಿತು, ಸೀರೆ ಮೈಮೇಲೆ ನಿಲ್ಲದಂತಾಯಿತು. ಬೇಸಿಗೆ ಬಂತು. ಒಂದು ಮಧ್ಯಾಹ್ನ ನನ್ನನ್ನು ಕರೆಸಿದರು. ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

‘ತಂಗಿ, ಈ ವರ್ಷ ನನ್ನ ಬದಲಿ ನೀ ಹೋಗಿ ಬರ್ತಿಯೇನು?’ ಎಂದರು.

ಎಲ್ಲಿಗೆ ಎಂದೆ. ಅವರು ಕರ್ಚೀಫು ತೆಗೆದುಕೊಂಡು, ಸೀಮೆಸುಣ್ಣದ ಪುಡಿ ಕಂಡು ಎಷ್ಟೋ ವರ್ಷವಾಗಿದ್ದ ಬೆರಳುಗಳನ್ನು ಒರೆಸಿಕೊಳ್ಳಲು ಶುರುಮಾಡಿದರು. ಆಮೇಲೆ ಎಲ್ಲ ಹೇಳಿದರು.

ನಾನು ಅವರನ್ನು ಜೀಪು ತೊಳೆಯುತ್ತ ಕಂಡ ದಿನದ ಹಿಂದಿನ ರಾತ್ರಿ, ಮಗ ಜೀಪು ತಂದು ನಿಲ್ಲಿಸಿದಾಗ ಮುಂದಿನ ದೀಪ ಒಡೆದಿತ್ತು. ನಾಯಿ ಅಡ್ಡ ಬಂತು ಎಂದ. ಉಣ್ಣಲಿಲ್ಲ. ಅಕ್ಕೋರು ಹೊರಗೆ ಬಂದು ನೋಡಿದರು. ಬಂಪರಿಗೆ ಉಣ್ಣೆ ಮೆತ್ತಿಕೊಂಡಿತ್ತು. ಕುರಿ ಇರಬೇಕು, ನಾಯಿ ಅಂತ ಯಾಕೆ ಹೇಳಿದ ಎಂದುಕೊಂಡು ಬಗ್ಗಿದರೆ, ತಗಡಿನ ಸಂದಿಯಲ್ಲಿ ಕರಿಯ ಕಂಬಳಿಯ ಒಂದು ಚೂರು ಸಿಕ್ಕಿಕೊಂಡಿತ್ತು. ‘ಕುರಿ ಮೈಮ್ಯಾಗ ಉಣ್ಣಿ ಇರತೈತಿ ತಂಗಿ, ನೇಯ್ದ ಕಂಬಳಿ ಇರಂಗಿಲ್ಲ’ ಎಂದರು ನನಗೆ. ಮಗನನ್ನು ಎಬ್ಬಿಸಿ ಕೇಳಬೇಕೆಂದು ಬಾಗಿಲ ತನಕ ಹೋದವರು ಕೇಳದೆ ಬಂದರು. ಬೆಳಕು ಹರಿಯುವ ಮೊದಲೇ ಬಕೆಟ್ಟು ತೆಗೆದುಕೊಂಡು ತೊಳೆಯಲು ನಿಂತರು. ನಾನು ಬಾಗಿಲು ತೆರೆದು ನಕ್ಕು ಮಾತಾಡಿಸಿದ್ದು ಆಗಲೇ.

ಮಗ ಕೆಲವು ದಿನದ ಮೇಲೆ ಬಾಯಿ ಬಿಟ್ಟ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಒಳರಸ್ತೆಯ ತಿರುವು. ಹೊತ್ತು ಮುಳುಗುತ್ತಿತ್ತು. ಜೋರಾಗಿ ಬರುತ್ತಿದ್ದ. ರಸ್ತೆ ತುಂಬ ಕುರಿ. ನಿಲ್ಲಿಸಲು ಆಗಲಿಲ್ಲ. ಹಾಯ್ದ ಮೇಲೆ ನಿಲ್ಲಿಸಿದ, ಕೂಗು ಕೇಳಿಸಿತು, ಮತ್ತೆ ಗಾಡಿ ಬಿಟ್ಟುಕೊಂಡು ಬಂದ. ಠಾಣೆಗೆ ಹೋಗೋಣವೆಂದು ಅಕ್ಕೋರು ಒಂದು ಸಲ ಹೇಳಿದರಂತೆ. ಅವನು ಕಾಲು ಹಿಡಿದುಕೊಂಡ. ಅವರು ಎರಡನೆಯ ಸಲ ಹೇಳಲಿಲ್ಲ. ‘ಊರ ಮಕ್ಕಳಿಗೆಲ್ಲ ಮಾರಿ ಎತ್ತಿ ಹೇಳು ಅಂತಿದ್ದೆ. ನನ್ನ ಮಗಗ ನಾನ ಮಾರಿ ಮುಚ್ಚಿದೆ’ ಎಂದರು.

ರಜೆ ಬಿದ್ದ ಕೂಡಲೇ ಆ ತಿರುವು ಹುಡುಕಿಕೊಂಡು ಹೋದರು. ಏನಾಗಿದೆಯೋ ಕಣ್ಣಾರೆ ನೋಡದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ತಿರುವಿನ ಹತ್ತಿರದ ಹಳ್ಳಿಯಲ್ಲಿ ಚಹಾದಂಗಡಿಯ ಹೆಂಗಸು ಎಲ್ಲ ಹೇಳಿದಳು. ಕುರಿ ಸತ್ತವು. ಕುರಿಗಾರನ ಸೊಂಟ ಮುರಿಯಿತು. ಯಾವುದೋ ಟ್ರ್ಯಾಕ್ಟರು ಬರುವ ತನಕ ಅವನು ದಾರಿಯಲ್ಲೇ ಬಿದ್ದಿದ್ದ. ಈಗ ಏಳುವುದಿಲ್ಲ, ಕುಷ್ಟಗಿಯ ಆಚೆ ತನ್ನ ಊರಲ್ಲಿ ಮಲಗಿದ್ದಾನೆ. ಕುರಿಗಳಿಗೆ ಅದೆಲ್ಲ ಗೊತ್ತಿಲ್ಲವಲ್ಲ, ಮೇವು ಬೇಕು. ಅವನ ಹೆಂಡತಿ ಮೈದುನನನ್ನು ಕರೆದುಕೊಂಡು ಹಿಂಡು ಹೊಡೆದುಕೊಂಡು ಕಾಲುವೆ ಸೀಮೆಗೆ ಇಳಿದಿದ್ದಾಳೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಅಲ್ಲಿ ಹುಡುಕಬೇಕು.

ಅಕ್ಕೋರು ಅಂಗಡಿಯ ಬೆಂಚಿನಿಂದ ಏಳುವಾಗ ಒಬ್ಬ ಗಂಡಸು ಬಂದು ಕಾಲಿಗೆ ಬಿದ್ದ. ಹಳೆಯ ವಿದ್ಯಾರ್ಥಿ, ಈಗ ಆ ಊರಿನ ಪಂಚಾಯಿತಿ ಸದಸ್ಯ. ಎಷ್ಟು ಹೇಳಿದರೂ ಬಿಡಲಿಲ್ಲ. ರಜೆಯಲ್ಲಿ ಬೀಗ ಹಾಕಿದ್ದ ಶಾಲೆಯ ಪಡಸಾಲೆಗೆ ಕುರ್ಚಿ ತರಿಸಿದ, ನಾಕು ಮಂದಿಯನ್ನು ಕೂಡಿಸಿದ, ಶಾಲು ಹೊದಿಸಿ ಕಾಯಿ ಕೊಟ್ಟ. ‘ಸುಳ್ಳು ಹೇಳಬಾರದು ಅಂತ ನಮಗ ಕಲಿಸಿದವರು ಇವರ ನೋಡ್ರಿ’ ಎಂದು ಊರವರಿಗೆ ಹೇಳಿದ. ಊರು ದಾಟಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಆ ಶಾಲು ಕಿತ್ತು ಡಿಕ್ಕಿಗೆ ತುರುಕಿದರಂತೆ.

ಮುಂದಿನ ದಾರಿಯೂ ಹಾಗೆಯೇ. ಕುಷ್ಟಗಿಯಲ್ಲಿ ಪಂಕ್ಚರ್ ತಿದ್ದುವವನು ನೆರಳಿಗೆ ಕುರ್ಚಿ ಹಾಕಿಕೊಟ್ಟ. ತಾವರಗೇರಾದ ಹೋಟೆಲಿನವರು ಟೀಚರೆಂದು ಕೇಳಿ ತಿಳಿದು ಇನ್ನೊಂದು ಮಿರ್ಚಿ ತಂದು ಎಲೆಗೆ ಇಟ್ಟರು. ಯಾವ ಕಡೆ ಹೊರಟಿರಿ ಎಂದವರಿಗೆಲ್ಲ ಬೀಗರ ಊರಿಗೆ ಎಂದು ಹೇಳುತ್ತ ಹೋದರು. ಯಾರಾದರೂ ಒಬ್ಬರು ಗದರಿಸಿದ್ದರೆ ಹಗುರಾಗುತ್ತಿತ್ತು, ಯಾರೂ ಗದರಿಸಲಿಲ್ಲ ಎಂದರು.

ಕನಕಗಿರಿ ದಾಟಿ ನವಲಿಯ ಕಡೆ ಹೊರಳಿದರೆ ಸೀಮೆಯೇ ಬೇರೆ. ಅಲ್ಲಿಯವರೆಗೆ ಕಲ್ಲುಗುಡ್ಡ, ಜಾಲಿ. ಆಮೇಲೆ ಕಾಲುವೆ, ಗದ್ದೆ, ಆಂಧ್ರದಿಂದ ಬಂದು ನೆಲೆಸಿದ ರೈತರ ತೆಲುಗು ಮಾತಿನ ಕ್ಯಾಂಪುಗಳು. ಒಂದು ಕ್ಯಾಂಪಿನಲ್ಲಿ ಕುರಿ ಕಂಡಿರಾ ಎಂದು ಕೇಳಿದಾಗ ಬಟ್ಟೆ ಒಣಗಿಸುತ್ತಿದ್ದ ಮುದುಕಿ, ‘ಗೊರ್ರೆಲಾ?’ ಎಂದು ಕೇಳಿ, ಕಾಲುವೆಯ ಆಚೆ ಕೈ ತೋರಿಸಿದಳು.

ಕೊಯ್ದ ಗದ್ದೆಯ ಕೂಳೆಯ ನಡುವೆ ಹಿಂಡು ಇತ್ತು. ಬಲೆ ಕಟ್ಟಿ ಮಾಡಿದ ದೊಡ್ಡಿ, ಅದರ ಪಕ್ಕ ಮೂರು ಕಲ್ಲಿನ ಒಲೆ. ಕುರಿಗಾರ್ತಿ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದಳು. ಅಕ್ಕೋರಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಗಾಡಿ ಬದುವಿನ ಮೇಲೆ ನಿಲ್ಲಿಸಿ ಇಳಿದು ಬಂದ ಹೆಂಗಸನ್ನು ನೋಡಿ ಗದ್ದೆಯ ಒಡತಿ ಎಂದುಕೊಂಡು ಎದ್ದು ನಿಂತಳಂತೆ. ಅಕ್ಕೋರು ಅವಳಿಗೆ ಕೂತುಕೋ ಎಂದರು. ತಾವು ನಿಂತೇ ಹೇಳಿದರು. ಮಗನ ಜೀಪು ಎಂದರು. ನಾನೇ ತೊಳೆದೆ ಎಂಬುದನ್ನೂ ಹೇಳಿದರು. ಕಂಬಳಿಯ ಚೂರಿನ ಮಾತು ಬಂದಾಗ ಕುರಿಗಾರ್ತಿ ಮೊದಲ ಸಲ ಬಾಯಿ ತೆರೆದಳು.

‘ಅದರ ನೂಲು ನಾನ ತಗದಿದ್ದೆ’ ಎಂದಳು.

ಪರಿಹಾರದ ಮಾತೆತ್ತಿದಾಗ ಅವಳು ಎದ್ದು ಕುರಿಗಳ ನಡುವೆ ಹೋಗಿಬಿಟ್ಟಳು. ಅಕ್ಕೋರು ಹಾಗೇ ನಿಂತಿದ್ದರು. ಬಹಳ ಹೊತ್ತಿನ ಮೇಲೆ ತಿರುಗಿ ಬಂದು ಹೇಳಿದಳಂತೆ: ‘ಹಾಯಿಸಿದಾಂವ ನೀ ಅಲ್ಲ. ನಿನ್ನ ಮಾಫಿ ತಗೊಂಡು ನಾ ಏನ್ ಮಾಡ್ಲಿ? ಅವ ಬರ್ಲಿ. ಒಬ್ಬನ ಬರ್ಲಿ. ನನ್ನ ಗಂಡನ ಮುಂದ ಕುಂತು, ನಾನಪಾ, ಹಿಂಗಾತು ಅಂತ ಹೇಳ್ಲಿ. ಅಷ್ಟ ಸಾಕು ನಮಗ. ಅಲ್ಲೀತನ ನೀನೂ ನನ್ನ ಗಂಡನ ಮುಂದ ಹೋಗಬ್ಯಾಡ.’

ಅಕ್ಕೋರು ಮನೆಗೆ ಬಂದು ಮಗನಿಗೆ ಹೇಳಿದರು. ನಾಳೆ ಹೋಗುತ್ತೇನೆ ಎಂದ. ಆ ಬೇಸಿಗೆ ಹೋಗಲಿಲ್ಲ. ಮಳೆಗಾಲ ಮುಗಿಯಲಿ ಎಂದ. ಮದುವೆ ಆಗಲಿ ಎಂದ. ಆಮೇಲೆ ಆ ಮಾತು ಎತ್ತಿದರೆ ಎದ್ದು ಹೋಗತೊಡಗಿದ.

ಮರುವರ್ಷ ರಜೆ ಬಂದಾಗ ಅಕ್ಕೋರು ಮತ್ತೆ ಗಾಡಿ ಹತ್ತಿದರು. ಹಿಂಡು ಎಲ್ಲಿದೆಯೋ ಹುಡುಕಿಕೊಂಡು ಹೋಗಿ, ಕುರಿಗಾರ್ತಿಯ ಮುಂದೆ ನಿಂತು, ಮಗ ಇನ್ನೂ ಬಂದಿಲ್ಲ ಎಂದು ಹೇಳಿ ಬಂದರು. ಅದನ್ನು ಹೇಳಲಿಕ್ಕೆಂದೇ ಅಷ್ಟು ದೂರ. ಅದರ ಮರುವರ್ಷವೂ ಅದನ್ನೇ ಹೇಳಿದರು. ಮೊದಲ ಸಲ ಮರೆಮಾಚಿದ ತಪ್ಪನ್ನು ಇನ್ನು ಮರೆಮಾಚಬಾರದು ಎಂಬುದಷ್ಟೇ ಅವರ ಲೆಕ್ಕ. ಕೆಲವು ವರ್ಷ ಕಳೆದ ಮೇಲೆ ಕುರಿಗಾರ್ತಿ ಅವರನ್ನು ನಿಲ್ಲಗೊಡದೆ ಕಂಬಳಿ ಹಾಸಿ ಕೂಡಿಸತೊಡಗಿದಳು. ಚಹಾ ಕಾಸುತ್ತಿದ್ದಳು, ರೊಟ್ಟಿ ಕೊಡುತ್ತಿದ್ದಳು. ‘ನಿನ್ನ ಗಂಡ ಹೆಂಗದಾನವ್ವಾ?’ ಎಂದು ಅಕ್ಕೋರು ಕೇಳುತ್ತಿದ್ದರು. ‘ಅದಾನ, ಹಂಗ ಅದಾನ’ ಎಂದು ಅವಳು ಹೇಳುತ್ತಿದ್ದಳು. ಅವಳ ಕೈಗೆ ಮೊಬೈಲು ಬಂದ ಮೇಲೂ ಅಕ್ಕೋರು ಫೋನು ಮಾಡುತ್ತಿದ್ದುದು, ಈಗ ಎಲ್ಲಿ ಇಳಿದಿದ್ದೀರಿ ಎಂದು ಕೇಳಲು ಮಾತ್ರ. ಉಳಿದದ್ದು ಎದುರಿಗೆ ನಿಂತು ಹೇಳುವ ಮಾತು ಎನ್ನುತ್ತಿದ್ದರು.

ನಾನು ಹೋದೆ. ಅವರ ಗಾಡಿಯಲ್ಲೇ ಹೋದೆ. ನನ್ನದಲ್ಲದ ನಾಚಿಕೆಯನ್ನು ಒಯ್ಯುತ್ತಿದ್ದೇನೆ ಎಂದುಕೊಂಡು ಹೊರಟವಳಿಗೆ ಯಲಬುರ್ಗಾ ಮುಟ್ಟುವ ಹೊತ್ತಿಗೆ ಅದು ನನ್ನದೇ ಆಗಿತ್ತು. ಗಾಡಿಯನ್ನು ಗುರುತು ಹಿಡಿದು ಚಹಾದಂಗಡಿಯ ಹೆಂಗಸು ಅಕ್ಕೋರಿಗೇನಾಯಿತು ಎಂದು ಕೇಳಿದಳು. ಹುಷಾರಿಲ್ಲ ಎಂದೆ. ತಾವರಗೇರಾದಲ್ಲಿ ಒಗ್ಗರಣಿ ತಿನ್ನಲು ಕೂತು ಅರ್ಧಕ್ಕೆ ಎದ್ದೆ. ಇಷ್ಟು ದಾರಿಯನ್ನು ವರ್ಷ ವರ್ಷ ಹೇಗೆ ದಾಟಿದರೋ, ತಿರುಗಿ ಬಂದು ನಮ್ಮ ಮುಂದೆ ಒಗ್ಗರಣಿಗೆ ಮಾರ್ಕು ಹಾಕುತ್ತಿದ್ದರಲ್ಲ, ನಾವು ನಗುತ್ತಿದ್ದೆವಲ್ಲ.

ಹಿಂಡು ಆ ವರ್ಷವೂ ನವಲಿಯ ಹತ್ತಿರವೇ ಇತ್ತು. ಕುರಿಗಾರ್ತಿಯ ತಲೆ ಪೂರಾ ಬೆಳ್ಳಗಾಗಿತ್ತು. ಅಕ್ಕೋರ ಸುದ್ದಿ ಹೇಳಿದೆ. ಮಗ ಇನ್ನೂ ಬಂದಿಲ್ಲ ಎಂದು ಅವರು ಹೇಳಿಕಳಿಸಿದ್ದನ್ನೂ ಹೇಳಿದೆ. ಅವಳು ಕಟ್ಟಿಗೆ ಮುರಿಯುತ್ತಿದ್ದವಳು ಅದನ್ನು ಕೆಳಗಿಟ್ಟಳು. ಆಮೇಲೆ, ಅಕ್ಕೋರು ಹೇಳಿಕೊಟ್ಟಂತೆ ನಾನು ಅವಳ ಗಂಡನನ್ನು ವಿಚಾರಿಸಿದೆ.

‘ನಿನ್ನ ಮುಂದ ಹೇಳ್ತೀನಿ ಯವ್ವಾ, ಆಕಿ ಮುಂದ ಹೇಳಬ್ಯಾಡ’ ಎಂದಳು. ‘ಅವ ಹೋಗಿ ಭಾಳ ವರ್ಷಾತು. ಆಕಿ ಎರಡನೇ ಸಲ ಬರೂದರಾಗ ಹೋಗಿದ್ದ.’

ಮತ್ತೆ ಅಕ್ಕೋರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಹೇಳಬೇಕಂತ ಪ್ರತಿ ಸಲ ಬಾಯಿತನ ಬರ್ತಿತ್ತು. ಬಿಸಲಾಗ ಅಷ್ಟು ದೂರದಿಂದ ಬಂದು, ಮಗ ಬಂದಿಲ್ಲ ಅಂತ ಹೇಳಿ ನಿಂದ್ರತಿದ್ಲು. ಇದನೂ ಆಕಿ ತಲಿ ಮ್ಯಾಲೆ ಹೆಂಗ ಹೊರಸಲಿ? ಅದಾನ ಅಂದ್ರ ಆಕಿ ಒಂದು ರೊಟ್ಟಿ ತಿಂದು ಹೋಗ್ತಿದ್ಲು.’

ನಾನು ಕೊಪ್ಪಳಕ್ಕೆ ಬಂದಾಗ ಅಕ್ಕೋರು ನನಗಾಗಿ ಕಾಯುತ್ತ ಎಚ್ಚರವಾಗಿದ್ದರು. ಕುರಿಗಾರ್ತಿ ಹೇಗಿದ್ದಾಳೆ, ಎಲ್ಲಿ ಇಳಿದಿದ್ದಾರೆ, ಮರಿಗಳು ಎಷ್ಟಾಗಿವೆ ಎಲ್ಲ ಕೇಳಿದರು. ಕೊನೆಗೆ ಅವಳ ಗಂಡ ಎಂದರು. ಹಾಗೇ ಇದ್ದಾನಂತೆ ಎಂದೆ. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಔಷಧಿಯ ಬಾಟಲಿ ತೆಗೆದುಕೊಂಡು ಅದರ ಮೇಲಿನ ಚೀಟಿ ಓದುವವಳಂತೆ ಬೆಳಕಿಗೆ ಹಿಡಿದೆ. ಅಷ್ಟು ವರ್ಷ ಸಾವಿರಾರು ಹುಡುಗರ ಸುಳ್ಳು ಹಿಡಿದವರು ನನ್ನದನ್ನು ಹಿಡಿದರೋ ಇಲ್ಲವೋ, ಏನೂ ಕೇಳಲಿಲ್ಲ. ಮಳೆ ಶುರುವಾಗುವ ಮೊದಲೇ ಹೋಗಿಬಿಟ್ಟರು.

ಸಭೆ ಮುಗಿದು ಎಲ್ಲರೂ ಚದುರಿದ ಮೇಲೆ ಅವರ ಮಗ ನಮ್ಮ ಮನೆಗೆ ಬಂದ. ನಲವತ್ತು ದಾಟಿದ್ದ, ಹೊಟ್ಟೆ ಬಂದಿತ್ತು, ಕಾರು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಬಂದಿದ್ದ. ಕುರ್ಚಿ ಕೊಟ್ಟರೆ ಹೊಸ್ತಿಲ ಹತ್ತಿರ ಕೆಳಗೇ ಕೂತ. ಸಭೆಯಲ್ಲಿ ಚಪ್ಪಾಳೆ ಬಿದ್ದಾಗ ಎದ್ದು ಓಡಿಹೋಗಬೇಕೆನಿಸಿತು ಎಂದ. ಆಮೇಲೆ ದಾರಿ ಕೇಳಿದ. ಈಗ ಹೋದರೆ ಆದೀತೇ, ಆ ಮನುಷ್ಯ ಇನ್ನೂ ಹಾಸಿಗೆಯಲ್ಲೇ ಇದ್ದಾನೆಯೇ ಎಂದ.

ಕುರಿಗಾರ್ತಿ ಹೇಳಬೇಡ ಎಂದದ್ದು ಅಕ್ಕೋರ ಮುಂದೆ ಮಾತ್ರ. ಅಕ್ಕೋರು ಇರಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರ ಮುಂದೆ ಕೂತು ಹೇಳಬೇಕಿತ್ತೋ ಅವನು ಹೋಗಿ ಬಹಳ ವರ್ಷವಾಯಿತು, ನಿಮ್ಮವ್ವನಿಗೆ ಅದು ಕೊನೆಯ ತನಕ ಗೊತ್ತಾಗಲಿಲ್ಲ ಎಂದೆ. ಅವನು ಗೋಡೆಗೆ ತಲೆ ಆನಿಸಿ ಕೂತ. ಗಂಡಸರು ಅಳುವುದನ್ನು ನಾನು ಕಂಡಿದ್ದೇನೆ. ಇವನು ಅಳಲಿಲ್ಲ. ಕೆನ್ನೆಗೆ ಏಟು ಬಿದ್ದವನಂತೆ ಬಾಯಿ ತುಸು ತೆರೆದುಕೊಂಡು ಕೂತಿದ್ದ. ನೀವೂ ಜೊತೆಗೆ ಬನ್ನಿರಿ ಎಂದು ಕೇಳಿದ. ಒಬ್ಬನೇ ಬರಬೇಕೆಂದು ಅವಳು ಹೇಳಿದ್ದಾಳಲ್ಲ ಎಂದೆ.

ರವಿವಾರ ಕಾರು ತೆಗೆದುಕೊಂಡು ಹೋದ. ಸಂಜೆ ಫೋನು ಮಾಡಿದ. ಮಳೆ ಹಿಡಿದ ಮೇಲೆ ಹಿಂಡು ಗದ್ದೆ ಬಿಟ್ಟು ತಿರುಗಿ ತನ್ನ ಸೀಮೆಗೆ, ಕುಷ್ಟಗಿಯ ಆಚೆಯ ಬೀಳು ಹೊಲಗಳಿಗೆ ಹೋಗಿತ್ತು. ಹುಡುಕಿ ಕಂಡೆ ಎಂದ. ಅವಳೂ ಕಂಡಳು, ಬಿಳಿ ತಲೆ, ನೀವು ಹೇಳಿದ ಹಾಗೇ ಇದ್ದಾಳೆ ಎಂದ. ರಸ್ತೆಯ ಮಗ್ಗುಲಿಗೆ ಕಾರು ನಿಲ್ಲಿಸಿಕೊಂಡು ಒಳಗೇ ಕೂತೆ, ಹೊತ್ತು ಇಳಿಯುವ ತನಕ ಕೂತೆ, ಆಮೇಲೆ ತಿರುಗಿಸಿಕೊಂಡು ಬಂದೆ ಎಂದ.

‘ಬಾಗಲ ತೆಗೆಯೂದ ಆಗ್ಲಿಲ್ರಿ’ ಎಂದ. ‘ಅವ್ವ ವರ್ಷಾ ವರ್ಷಾ ಹೆಂಗ ಇಳದಳೋ ಏನೋ.’

ಇನ್ನು ಇವನು ಹೋಗುವುದಿಲ್ಲ ಎಂದುಕೊಂಡೆ. ನಾನು ಅಂದುಕೊಂಡದ್ದು ಸುಳ್ಳಾಯಿತು. ಮರುವಾರ ಅವನು ಕಾರು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋದ. ಬಸ್ಸು ಇಳಿಸಿ ಹೊರಟುಹೋಗುತ್ತದೆ, ಮತ್ತೊಂದು ಬರುವುದು ಸಂಜೆಗೆ, ಅಲ್ಲಿ ಕೂತುಕೊಳ್ಳಲೂ ಜಾಗವಿರಲಿಲ್ಲ ಎಂದು ಆಮೇಲೆ ಹೇಳಿದ. ಹೊಲದ ಕಾಲುದಾರಿ ಹಿಡಿದು ನಡೆದ. ನಾಯಿ ಬೊಗಳಿತು. ಕುರಿಗಾರ್ತಿ ಹಣೆಯ ಮೇಲೆ ಕೈ ಇಟ್ಟುಕೊಂಡು, ಯಾರೆಂದು ನೋಡುತ್ತ ನಿಂತಿದ್ದಳು. ಅಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಒಂದೂ ಬರಲಿಲ್ಲವಂತೆ. ‘ನಾನ್ರಿ ಅವ. ಜೀಪಿನಾಂವ’ ಎಂದನಂತೆ.

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೈಯಲಿಲ್ಲ. ಒಲೆಯ ಹತ್ತಿರ ಕಂಬಳಿ ಹಾಸಿದಳು.

‘ಕುಂದ್ರು’ ಎಂದಳು. ‘ಭಾಳ ಅಡ್ಡಾಡಿದಳಪಾ ನಿಮ್ಮವ್ವ.’